ನಾಲೆಯ ನೀರು ಜಾತಿ ಕೇಳುವುದಿಲ್ಲ
(ರೇಡಿಯೋ ಭಾಷಣ)

ಜನಾಂಗಭೇದವೆಂದೊಡನೆ ನಮ್ಮ ಮನಸ್ಸು ಅಮೆರಿಕೆಗೋ ದಕ್ಷಿಣ ಆಫ್ರಿಕಕ್ಕೋ ಹೋಗುತ್ತದೆಯೇ ಹೊರತು ಆನಗೋಡಿಗೆ ಬರುವುದಿಲ್ಲ. ದಾವಣಗೆರೆಯಿಂದ ಚಿತ್ರದುರ್ಗದ ಹೆದ್ದಾರಿ ಹಿಡಿದರೆ ಸಿಕ್ಕುವ ಈ ಹೋಬಳಿಯ ಊರಿನಲ್ಲಿ ಆ ಪ್ರಶ್ನೆ ಎತ್ತಿದರೆ, "ಈಗ ಯಾರು ಸ್ವಾಮಿ ಜಾತಿ ನೋಡುತ್ತಾರೆ?" ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಹೀಗೆ ಹೇಳುವವರೆಲ್ಲ ಸುಳ್ಳಾಡುತ್ತಾರೆಂದು ನಾನು ಭಾವಿಸಲಾರೆ. ಯಾರೂ ನೋಡದಿದ್ದರೂ ಭೇದ ತಾನಾಗಿ ನಡೆದುಕೊಂಡು ಹೋಗಬಲ್ಲುದೇ ಎಂಬುದೇ ಇಲ್ಲಿಯ ವಿಚಾರ.

1963 ರಲ್ಲಿ ಅಮೆರಿಕೆಯ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಇಗರ್ಜಿಯೊಂದಕ್ಕೆ ಬಾಂಬಿಟ್ಟು ನಾಲ್ವರು ಕಪ್ಪು ಬಾಲಕಿಯರನ್ನು ಕೊಂದರು. ಲೋಕವೇ ಮರುಗಿತು. ಅದೇ ಊರಿನಲ್ಲಿ ಸರಿಯಾದ ಅನ್ನ, ವಸತಿ, ವೈದ್ಯೋಪಚಾರಗಳಿಲ್ಲದೆ ವರ್ಷವರ್ಷವೂ ಸಾಯುವ ನೂರಾರು ಕಪ್ಪು ಕೂಸುಗಳಿಗಾಗಿ ಮರುಗುವವರಾರು ಎಂದು 1967 ರಲ್ಲಿ ಕಾರ್ಮೈಕಲ್ ಮತ್ತು ಹ್ಯಾಮಿಲ್ಟನ್ ತಮ್ಮ 'ಬ್ಲ್ಯಾಕ್ ಪವರ್' ಗ್ರಂಥದಲ್ಲಿ ಕೇಳಿದರು. ಮೊದಲನೆಯದಕ್ಕೆ ಕೊಲೆಗಾರನಿದ್ದಾನೆ, ಎರಡನೆಯದಕ್ಕೆ ಹೆಸರಿಟ್ಟು ತೋರಿಸಬಹುದಾದ ಕೊಲೆಗಾರನಿಲ್ಲ. ವ್ಯವಸ್ಥೆಯೊಳಗಿನ ಭೇದವೆಂದು ಅವರು ಗುರುತಿಸಿದ್ದು ಇದನ್ನೇ.

ಈಗ ನಮ್ಮ ಸೀಮೆಗೆ ಬರೋಣ. ಹಳೆಯ ಮೈಸೂರಿನ ಅನೇಕ ಹಳ್ಳಿಗಳಲ್ಲಿ ಕೆರೆಯ ತೂಬೆತ್ತಿ ಗದ್ದೆಗದ್ದೆಗೂ ನೀರು ಹಂಚುತ್ತಿದ್ದ ನೀರಗಂಟಿ ಅಸ್ಪೃಶ್ಯರೆನಿಸಿದ ಮನೆತನದವನು. ಊರಿನ ಬೆಳೆಯೆಲ್ಲ ಅವನ ಕೈಯಲ್ಲಿ. ಅವನಿಗೆ ದಕ್ಕುತ್ತಿದ್ದುದು ಕಣದಲ್ಲಿ ಕೊಡುವ ಒಂದಿಷ್ಟು ಆಯ, ಇದ್ದರೆ ಒಂದು ತುಂಡು ಇನಾಮು ಭೂಮಿ. 1960 ರ ದಶಕದಲ್ಲಿ ಭದ್ರಾ ನಾಲೆಯ ನೀರು ದಾವಣಗೆರೆ, ಹರಿಹರಗಳ ಬಯಲಿಗೆ ಹರಿಯಿತು. ಬತ್ತ ಬಂತು, ಕಬ್ಬು ಬಂತು, ಆಮೇಲೆ ಅಡಿಕೆಯೂ ಬಂತು. ನಾಲೆ ಯಾರ ಜಾತಿಯನ್ನೂ ಕೇಳಲಿಲ್ಲ. ಹೊಲವೆಲ್ಲಿದೆ ಎಂದಷ್ಟೇ ಕೇಳಿತು. ತಲೆತಲಾಂತರದಿಂದ ಹೊಲ ಕೊಳ್ಳಲಾಗದಿದ್ದವರಿಗೆ ಅದರಿಂದ ಸಿಕ್ಕಿದ್ದು ನಾಟಿಯ ಕೂಲಿ. ಹೊಲವಿದ್ದವರ ಮಕ್ಕಳು ಬೆಳೆಯ ಹಣದಲ್ಲಿ ಪೇಟೆಯ ಕಾಲೇಜುಗಳಿಗೆ ಸೇರಿದರು. ಎಂಜಿನಿಯರರು ಯಾರಿಗೂ ಕೇಡು ಬಗೆಯಲಿಲ್ಲವೆಂಬುದು ನಿಜ. ಆದರೆ ಹಿಂದಿನ ಅನ್ಯಾಯದ ಮೇಲೆ ಇಂದಿನ ನಿಷ್ಪಕ್ಷಪಾತ ನಿಯಮವೊಂದನ್ನು ಇಟ್ಟರೆ ಆ ಅನ್ಯಾಯಕ್ಕೆ ಬಡ್ಡಿ ಬೆಳೆಯುತ್ತದೆ.

ಸರ್ಕಾರಕ್ಕೆ ಇದು ತಿಳಿಯದೆ ಇರಲಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಭೂಮಿ ಸಾಲಕ್ಕೋ ಮದುವೆಯ ಖರ್ಚಿಗೋ ಪರರ ಪಾಲಾಗುತ್ತಿದ್ದುದನ್ನು ಕಂಡು 1978 ರಲ್ಲಿ ಅಂಥ ಪರಭಾರೆಯನ್ನು ನಿಷೇಧಿಸುವ ಕಾಯಿದೆ ಬಂತು. ಬಹಳ ವರ್ಷ ತಡವಾಗಿ ಬಂದಿರೆಂಬ ಕಾರಣಕ್ಕೆ ನ್ಯಾಯಾಲಯಗಳಲ್ಲಿ ಅರ್ಜಿಗಳು ಬಿದ್ದುಹೋಗುತ್ತಿದ್ದವು. ಕಾಲಮಿತಿ ಇಲ್ಲವೆಂದು ಸ್ಪಷ್ಟಪಡಿಸುವ ತಿದ್ದುಪಡಿಗೆ 2023 ರವರೆಗೆ ಕಾಯಬೇಕಾಯಿತು. ಓದು ಬಾರದವನಿಗೆ ತಡವಾದುದು ಅವನ ತಪ್ಪೆಂದು ಎಣಿಸುವುದೂ ಒಂದು ನಿಷ್ಪಕ್ಷಪಾತವೇ ತಾನೆ!

ಇನ್ನು ಬರಹದಲ್ಲಿಯೇ ಇದ್ದ ಭೇದ. ಸೆರೆಮನೆಯಲ್ಲಿ ಅಡುಗೆ ಯಾವ ಜಾತಿಯವರಿಗೆ, ಕಕ್ಕಸು ತೊಳೆಯುವುದು ಯಾವ ಜಾತಿಯವರಿಗೆ ಎಂದು ಹಂಚಿಟ್ಟಿದ್ದ ಹಲವು ರಾಜ್ಯಗಳ ನಿಯಮಗಳನ್ನು ಸುಪ್ರೀಂ ಕೋರ್ಟು ರದ್ದುಗೊಳಿಸಿದ್ದು 2024 ರ ಅಕ್ಟೋಬರಿನಲ್ಲಿ. ಅಸ್ಪೃಶ್ಯತೆಯನ್ನು ಸಂವಿಧಾನ ತೊಡೆದು ಆಗಲೇ ಎಪ್ಪತ್ತನಾಲ್ಕು ವರ್ಷ ಕಳೆದಿತ್ತು.

ಜಾತಿಯೂ ಜನಾಂಗವೂ ಒಂದೇ ಅಲ್ಲವೆಂದು ಪಂಡಿತರು ಆಕ್ಷೇಪಿಸುವುದುಂಟು. 2001 ರ ಡರ್ಬನ್ ಸಮ್ಮೇಳನದಲ್ಲಿ ಭಾರತ ಸರ್ಕಾರದ ವಾದವೂ ಅದೇ ಆಗಿತ್ತು. ದಲಿತ ಸಂಘಟನೆಗಳು ಒಪ್ಪಲಿಲ್ಲ. ಒಂದೇ ಅಲ್ಲ, ಸರಿ. ಚರ್ಮದ ಬಣ್ಣ ಕಣ್ಣಿಗೆ ಕಾಣುತ್ತದೆ, ಜಾತಿಯನ್ನು ಕೇಳಿ ತಿಳಿಯಬೇಕು. ಕೇಳುವ ಜಾಣ್ಮೆ ನಮ್ಮವರಲ್ಲಿ ಕಡಿಮೆಯಿಲ್ಲ. ಹಿಂದೊಮ್ಮೆ ಗೆಳೆಯನಿಗಾಗಿ ಪೇಟೆಯಲ್ಲಿ ಬಾಡಿಗೆಯ ಕೋಣೆ ಹುಡುಕುತ್ತ ಹೋದಾಗ ಮನೆಯ ಯಜಮಾನರು ಅವನ ಕೆಲಸ, ಸಂಬಳಗಳನ್ನು ವಿಚಾರಿಸಿದ ಮೇಲೆ, "ಮನೆಯಲ್ಲಿ ಏನು ಊಟ ಮಾಡ್ತೀರಿ?" ಎಂದರು. ಊರು, ತಂದೆಯ ಹೆಸರು, ಮನೆದೇವರು ಒಂದೊಂದಾಗಿ ಬಂದವು. ಜಾತಿಯ ಹೆಸರನ್ನು ಅವರು ಎತ್ತಲೇ ಇಲ್ಲ. ಕಾಫಿ ಕೊಟ್ಟರು, ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಮರುದಿನ ಹೋದಾಗ ಕೋಣೆಯನ್ನು ತಂಗಿಯ ಮಗನಿಗೆ ಕೊಟ್ಟಾಗಿತ್ತು.