‘ಪ್ಲೇ ಅಲಾಂಗ್’: ಹೂಂಗುಟ್ಟುವ ನಾಟಕ



ಇಂಗ್ಲಿಷಿನಲ್ಲಿ ‘ಪ್ಲೇ’ ಎಂದರೆ ಆಡುವುದು ಅಥವಾ ನುಡಿಸುವುದು; ‘ಅಲಾಂಗ್’ ಎಂದರೆ ಜೊತೆಯಲ್ಲಿ. ಹಾಡಿನ ಜೊತೆ ಗಿಟಾರ್ ನುಡಿಸುವುದಕ್ಕೂ ‘ಪ್ಲೇ ಅಲಾಂಗ್’ ಎನ್ನುತ್ತಾರೆ. ಆದರೆ ನುಡಿಗಟ್ಟಾದಾಗ ಇದರ ಅರ್ಥವೇ ಬೇರೆ. ಮನಸ್ಸಿನಲ್ಲಿ ಒಪ್ಪಿಗೆ ಇಲ್ಲದಿದ್ದರೂ ಒಪ್ಪಿದವರಂತೆ, ಸಹಕರಿಸುವವರಂತೆ ನಟಿಸುವುದು ಎಂದರ್ಥ.

ಇದಕ್ಕೊಂದು ನೈಜ ನಿದರ್ಶನ ನೋಡೋಣ. ಎರಡನೆಯ ಮಹಾಯುದ್ಧದಲ್ಲಿ ಸ್ಪೇನಿನ ಹ್ವಾನ್ ಪುಜೋಲ್ ಎಂಬಾತ ಜರ್ಮನರ ಗೂಢಚಾರನಾಗಿ ಸೇರಿಕೊಂಡ. ಒಳಗೆ ಆತ ನಾಜಿಗಳ ಕಡುವಿರೋಧಿ. 1942ರಿಂದ ಬ್ರಿಟಿಷರ ಪರವಾಗಿ ಕೆಲಸ ಮಾಡುತ್ತಾ, ತನ್ನ ಕೈಕೆಳಗೆ 27 ಗೂಢಚಾರರಿದ್ದಾರೆಂದು ಜರ್ಮನರನ್ನು ನಂಬಿಸಿದ. ಅವರೆಲ್ಲರೂ ಬರೀ ಕಲ್ಪನೆ! 1944ರ ಜೂನ್ 6ರಂದು ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿದವು. ‘ಇದು ಕಣ್ಣುಕಟ್ಟು, ನಿಜವಾದ ದಾಳಿ ಕ್ಯಾಲೆ ತೀರದಲ್ಲಿ’ ಎಂದು ಪುಜೋಲ್ ಜರ್ಮನರಿಗೆ ಸುದ್ದಿ ಕಳಿಸಿದ. ಅವರು ನಂಬಿ ಕ್ಯಾಲೆಯ ಬಳಿ ದೊಡ್ಡ ಸೇನೆಯನ್ನು ಕಾಯಿಸಿಟ್ಟರು. ಅದೇ ವರ್ಷ ಜರ್ಮನರಿಂದ ‘ಐರನ್ ಕ್ರಾಸ್’, ಬ್ರಿಟಿಷರಿಂದ ‘ಎಂ.ಬಿ.ಇ.’ ಎರಡೂ ಗೌರವಗಳು ಆತನಿಗೆ ಸಂದವು! ಇದನ್ನು ಇಂಗ್ಲಿಷಿನಲ್ಲಿ, ‘ಹೀ ಪ್ಲೇಡ್ ಅಲಾಂಗ್ ವಿತ್ ದ ಜರ್ಮನ್ಸ್’ ಎನ್ನಬಹುದು. ಯಾರೊಂದಿಗೆ ಎಂದು ಹೇಳುವಾಗ ‘ವಿತ್’ ಸೇರಿಸುವುದನ್ನು ಮರೆಯಬೇಡಿ.

ಈ ನಾಟಕ ಯಾವಾಗಲೂ ಇಷ್ಟು ಗಂಭೀರವಾಗಿರಬೇಕಿಲ್ಲ. ಮೊಮ್ಮಗು ಮರಳಿನ ಅನ್ನ ಬಡಿಸಿದಾಗ ‘ಆಹಾ, ಎಷ್ಟು ರುಚಿ!’ ಎನ್ನುವ ಅಜ್ಜಿ ಮಾಡುವುದೂ ‘ಪ್ಲೇ ಅಲಾಂಗ್’.

ಹತ್ತಿರದ ಎರಡು ನುಡಿಗಟ್ಟುಗಳೊಡನೆ ಇದನ್ನು ಬೆರೆಸಬೇಡಿ. ‘ಪ್ಲೇ ಬಾಲ್’ ಎಂದರೆ ನಿಜವಾಗಿಯೇ ಸಹಕರಿಸುವುದು. ‘ಸ್ಟ್ರಿಂಗ್ ಸಮ್‌ಒನ್ ಅಲಾಂಗ್’ ಎಂದರೆ ಸುಳ್ಳು ಆಸೆ ತೋರಿಸಿ ಒಬ್ಬರನ್ನು ಅಲೆಸುವುದು.

ಕೊನೆಗೊಂದು ಮಾತು. ಪುಜೋಲನ ಒಳಗುಟ್ಟು ಬ್ರಿಟಿಷರಿಗೆ ತಿಳಿದಿತ್ತು. ನಿಮ್ಮ ಮನಸ್ಸಿನಲ್ಲಿರುವುದು ಬೇರೆಯವರಿಗೆ ತಿಳಿಯುವುದು ಹೇಗೆ? ಪರೀಕ್ಷೆಯಲ್ಲಿ ಗೆಳೆಯ ಕೊಟ್ಟ ಚೀಟಿಯನ್ನು ಅವನ ಮನಸ್ಸು ನೋಯಬಾರದೆಂದು ಇಟ್ಟುಕೊಂಡಿರಿ ಎನ್ನೋಣ. ‘ನಾನು ಸುಮ್ಮನೆ ಹೂಂ ಅಂದೆ ಸಾರ್’ ಎಂದರೆ ಮೇಲ್ವಿಚಾರಕರು ಕೇಳುವುದಿಲ್ಲ. ಅವರ ಕಣ್ಣಿಗೆ ಬಿದ್ದದ್ದು ನಿಮ್ಮ ಕೈಯಲ್ಲಿದ್ದ ಚೀಟಿ ಮಾತ್ರ. ಹೂಂಗುಟ್ಟುವ ಮುನ್ನ ‘ಇಲ್ಲ’ ಎನ್ನಬೇಕಾದ ಜಾಗ ಇದೇನೋ ಎಂದು ಒಮ್ಮೆ ಯೋಚಿಸಿ.