ನೀರು ಬಂತು! ಆಮೇಲೆ?

ನಾಲ್ಕು ದಿನಕ್ಕೋ ವಾರಕ್ಕೋ ಒಮ್ಮೆ ನೀರು ಕಾಣುವ ಊರುಗಳಲ್ಲಿ ಪ್ರತಿ ಮನೆಯೂ ಒಂದು ಪುಟ್ಟ ಜಲಮಂಡಳಿ. ಅದನ್ನು ಅಪಾಯವಿಲ್ಲದೆ ನಡೆಸುವುದು ಹೇಗೆ?

ನಮ್ಮ ಸಣ್ಣ ಊರುಗಳಲ್ಲಿ ದಿನದ ಮೊದಲ ಸುದ್ದಿ ಪತ್ರಿಕೆಗಿಂತ ಮುಂಚೆಯೇ ಬೀದಿಗೆ ಬರುತ್ತದೆ: 'ನೀರು ಬಿಟ್ಟಿದ್ದಾರಂತೆ!' ಆ ಒಂದು ಮಾತಿಗೆ ಬೀದಿಗೆ ಬೀದಿಯೇ ಎದ್ದು ನಿಲ್ಲುತ್ತದೆ. ಸಂಪಿನ ಮುಚ್ಚಳ ಸರಿಯುತ್ತದೆ, ಮೋಟರ್ ಗುರುಗುಡುತ್ತದೆ. ಡ್ರಮ್ಮು, ಕೊಡ, ಬಿಂದಿಗೆ, ಬಕೆಟ್ಟುಗಳೆಲ್ಲ ತುಂಬುತ್ತವೆ. ಒಂದೆರಡು ಗಂಟೆ ಕಳೆಯುವಷ್ಟರಲ್ಲಿ ನಲ್ಲಿ ನಿಂತುಹೋಗುತ್ತದೆ. ಮುಂದಿನ ಸರದಿ ನಾಲ್ಕು ದಿನಕ್ಕೋ, ಬೇಸಿಗೆಯಾದರೆ ಎಂಟು ಹತ್ತು ದಿನಕ್ಕೋ. ಅಲ್ಲಿಯವರೆಗೆ ತುಂಬಿಟ್ಟ ನೀರೇ ಗತಿ.

ನೀರು ಬಂತೇ, ಇಲ್ಲವೇ ಎಂದು ಎಲ್ಲರೂ ವಿಚಾರಿಸುತ್ತೇವೆ. ಬಂದ ನೀರು ಲೋಟ ಸೇರುವಷ್ಟರಲ್ಲಿ ಏನಾಯಿತು ಎಂದು ಕೇಳುವವರು ಕಡಿಮೆ. ಮಹಾನಗರದ ಜಲಮಂಡಳಿ ಮಾಡುವ ಸಂಗ್ರಹ, ಪಂಪಿಂಗ್, ಶುದ್ಧೀಕರಣ, ವಿತರಣೆ ಎಲ್ಲವೂ ಇಲ್ಲಿ ಒಂದೊಂದು ಮನೆಯ ಅಂಗಳದಲ್ಲಿ ನಡೆಯುತ್ತವೆ. ಅಲ್ಲಿರುವ ಎಂಜಿನಿಯರ್ ಇಲ್ಲಿಲ್ಲ, ಪ್ರಯೋಗಾಲಯವೂ ಇಲ್ಲ. ಹೊಣೆಯಂತೂ ಬಹುಪಾಲು ಮನೆಯ ಹೆಂಗಸರದ್ದೇ.

ಇದು ಎಷ್ಟು ದೊಡ್ಡ ಹೊಣೆ ಎಂಬುದನ್ನು ಕರ್ನಾಟಕ ನೋವುಂಡು ಕಲಿತಿದೆ. 2021ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿ, 2022ರಲ್ಲಿ ರಾಯಚೂರು ನಗರ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ. ಮೂರು ಕಡೆಯೂ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು; ವಾಂತಿ ಭೇದಿಯಿಂದ ಬಳಲಿದವರಿಂದ ಆಸ್ಪತ್ರೆಗಳು ತುಂಬಿದವು.

ಖಾಲಿ ಪೈಪಿನೊಳಗೆ ಏನು ನಡೆಯುತ್ತದೆ?

ಸದಾ ಒತ್ತಡದಿಂದ ನೀರು ಹರಿಯುವ ಪೈಪಿನಲ್ಲಿ ಬಿರುಕಿದ್ದರೆ ನೀರು ಹೊರಗೆ ಚಿಮ್ಮುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ಸರಬರಾಜು ನಿಂತೊಡನೆ ಈ ರಕ್ಷಣೆ ಹೋಗುತ್ತದೆ. ಪೈಪಿನ ಒತ್ತಡ ಇಳಿದು, ಪಕ್ಕದ ಚರಂಡಿಯ ನೀರು, ಒಳಚರಂಡಿಯ ಸೋರಿಕೆ ಅದೇ ಬಿರುಕಿನಿಂದ ಒಳಗೆ ಜಿನುಗುತ್ತದೆ. ಮುಂದಿನ ಸಲ ವಾಲ್ವ್ ತಿರುಗಿಸಿದಾಗ ಮೊದಲು ಬರುವುದು ಆ ನೀರೇ. ಇನ್ನಷ್ಟು ನೀರು ಸಿಗಲೆಂದು ಮನೆಯವರು ನಲ್ಲಿಗೇ ನೇರವಾಗಿ ಮೋಟರ್ ಜೋಡಿಸಿದರೆ ಪೈಪು ಅಕ್ಕಪಕ್ಕದ ಕೊಳೆಯನ್ನೂ ಹೀರಿಕೊಳ್ಳುತ್ತದೆ. ಆ ಕೊಳೆ ಮೋಟರ್ ಇಟ್ಟವರ ಮನೆಗೆ ಮಾತ್ರವಲ್ಲ, ಇಡೀ ಬೀದಿಗೆ ಹಂಚಿಕೆಯಾಗುತ್ತದೆ.

ಇದಕ್ಕೆ ನಮ್ಮ ನೆಲದಲ್ಲೇ ಸಾಕ್ಷ್ಯವಿದೆ. ಹುಬ್ಬಳ್ಳಿ–ಧಾರವಾಡದ ಕೆಲವು ಬಡಾವಣೆಗಳಿಗೆ ದಿನದ 24 ಗಂಟೆ ನೀರು ಕೊಡುವ ಪ್ರಾಯೋಗಿಕ ವ್ಯವಸ್ಥೆ ಬಂದಾಗ, ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಸಂಶೋಧಕರು ಆ ಬಡಾವಣೆಗಳನ್ನೂ ಕೆಲವು ದಿನಕ್ಕೊಮ್ಮೆ ಮಾತ್ರ ನೀರು ಬರುವ ಬಡಾವಣೆಗಳನ್ನೂ ಹೋಲಿಸಿ ನೋಡಿದರು. ಕೆಲವು ದಿನಕ್ಕೊಮ್ಮೆ ನೀರು ಬರುವ ನಲ್ಲಿಗಳಲ್ಲಿ ಮಲಮಾಲಿನ್ಯ ಸೂಚಿಸುವ ಬ್ಯಾಕ್ಟೀರಿಯಾ ಹೆಚ್ಚು ಸಲ, ಹೆಚ್ಚು ಪ್ರಮಾಣದಲ್ಲಿ ಸಿಕ್ಕವು. ನೀರು ಬಿಟ್ಟ ಮೊದಲ ಹೊತ್ತಿನಲ್ಲಿ ಅವು ಇನ್ನೂ ಹೆಚ್ಚಾಗಿದ್ದವು. 24 ಗಂಟೆ ನೀರು ಪಡೆದ ಬಡಾವಣೆಗಳ ಕಡಿಮೆ ಆದಾಯದ ಮನೆಗಳಲ್ಲಿ ಮಕ್ಕಳ ರಕ್ತಭೇದಿ ಕಡಿಮೆಯಿತ್ತು. ಆದರೆ ಒಳ್ಳೆಯ ನಲ್ಲಿಯಿದ್ದ ಮನೆಗಳಲ್ಲೂ ಕೊಡದಲ್ಲಿ ತುಂಬಿಟ್ಟ ನೀರು ಮತ್ತೆ ಕೆಡುತ್ತಿತ್ತು.

ಇದರಿಂದ ನಾವು ಕಲಿಯಬೇಕಾದ್ದು ಎರಡು. ನೀರು ಬಂದ ಮೊದಲ ಕೆಲವು ನಿಮಿಷದ್ದನ್ನು ನೆಲ ತೊಳೆಯಲು, ಗಿಡಕ್ಕೆ ಹಾಕಲು ಇಟ್ಟುಕೊಂಡು, ಕುಡಿಯುವ ನೀರನ್ನು ಆಮೇಲೆ ಹಿಡಿಯಬೇಕು. ಹಿಡಿದಿಟ್ಟ ಪಾತ್ರೆಗೆ ಮುಚ್ಚಳವಿರಬೇಕು. ನೀರನ್ನು ಉದ್ದ ಹಿಡಿಯ ಸೌಟಿನಿಂದಲೋ ಪಾತ್ರೆಗಿರುವ ನಲ್ಲಿಯಿಂದಲೋ ತೆಗೆಯಬೇಕು. ಲೋಟ ಅದ್ದಿದರೆ ಲೋಟದ ಜೊತೆಗೆ ಬೆರಳೂ ಅದ್ದುತ್ತದೆ.

ಕುದಿಸಿದರೆ ಎಲ್ಲವೂ ಹೋಗುವುದಿಲ್ಲ

ಕಾಯಿಸಿ ಆರಿಸಿದ ನೀರು ಕುಡಿಯಿರಿ ಎಂಬುದು ವೈದ್ಯರ ಮಾತು. ರೋಗಾಣುಗಳ ಮಟ್ಟಿಗೆ ಅದು ಪೂರ್ತಿ ನಿಜ: ಕೊತಕೊತ ಕುದಿ ಬಂದು ಒಂದು ನಿಮಿಷವಾದರೆ ಅವು ಸಾಯುತ್ತವೆ. ಆದರೆ ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಕಡೆ ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡ್‌ಗೆ ಬೆಂಕಿ ಏನೂ ಮಾಡದು. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಏರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ವರ್ಷಗಟ್ಟಲೆ ಕುಡಿದವರ ಕೀಲು ಬಿಗಿದು ಬೆನ್ನು ಬಾಗುತ್ತದೆ. ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಔಷಧವಿಲ್ಲ. ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಬಹುದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ. ತಿಪ್ಪೆ, ಶೌಚಗುಂಡಿ, ರಸಗೊಬ್ಬರದಿಂದ ಇಳಿಯುವ ನೈಟ್ರೇಟ್‌ಗೆ ಮಿತಿ 45 ಮಿಲಿಗ್ರಾಂ. ಆರು ತಿಂಗಳೊಳಗಿನ ಕೂಸಿಗೆ ಈ ಮಿತಿ ಮೀರಿದ ನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸಿದರೆ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಕುದಿಸಿದರೆ ನೈಟ್ರೇಟ್ ಕೂಡ ಹೋಗದು.

ಇಂಥ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ದೊಡ್ಡ ಆಸರೆ. ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುವ ಈ 'ಫಿಲ್ಟರ್ ನೀರಿ'ನಲ್ಲಿ ಫ್ಲೋರೈಡ್ ಬಹುಮಟ್ಟಿಗೆ ಕಳೆದಿರುತ್ತದೆ. ಅದಕ್ಕೆ ಘಟಕದ ನೀರು ಸೋಸುವ ಪೊರೆಯನ್ನು ಕಾಲಕಾಲಕ್ಕೆ ಬದಲಿಸಿರಬೇಕು. ಜೊತೆಗೆ ಆ ನೀರಿನಲ್ಲಿ ಸಾಮಾನ್ಯವಾಗಿ ರೋಗಾಣು ಕೊಲ್ಲುವ ಕ್ಲೋರಿನ್ ಉಳಿದಿರುವುದಿಲ್ಲ. ಪಾಚಿ ಕಟ್ಟಿದ ಕ್ಯಾನಿಗೆ ತುಂಬಿದರೆ ಅದು ಬೇಗ ಕೆಡುತ್ತದೆ. ಕ್ಯಾನ್ ತಿಕ್ಕಿ ತೊಳೆಯುವುದೂ ಶುದ್ಧೀಕರಣದ ಭಾಗವೇ. ಮಳೆನೀರು ಮತ್ತೊಂದು ದಾರಿ. ಅದರಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬಹುದು. ಫ್ಲೋರೈಡ್ ಪೀಡಿತ ಹಳ್ಳಿಗಳಲ್ಲಿ 'ಸಚೇತನ' ಯೋಜನೆ ಚಾವಣಿಯ ಮಳೆನೀರನ್ನು ಮನೆಯ ತೊಟ್ಟಿಗೆ ಇಳಿಸಿದ್ದು ಈ ಕಾರಣಕ್ಕೇ. ಮೊದಲ ಮಳೆಯಲ್ಲಿ ಚಾವಣಿ ತೊಳೆದುಹೋಗಲಿ, ಆಮೇಲಿನದ್ದನ್ನು ಸೋಸಿ ಹಿಡಿಯಿರಿ.

ಯಾವ ದಾರಿ ಹಿಡಿಯಬೇಕೆಂದು ತಿಳಿಯಲು ಮೊದಲು ನಿಮ್ಮ ನೀರಿನಲ್ಲಿ ಏನಿದೆ ಎಂದು ತಿಳಿಯಬೇಕು. ಸರ್ಕಾರದ ಕುಡಿಯುವ ನೀರಿನ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಅಲ್ಪ ಶುಲ್ಕಕ್ಕೆ ಪರೀಕ್ಷೆ ಮಾಡಿಸಬಹುದು. ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರಯೋಗಾಲಯದವರು ಕೊಡುವ ಶುದ್ಧ ಬಾಟಲಿಯಲ್ಲೇ ನೀರು ಹಿಡಿದು, ತಂಪಾಗಿಟ್ಟು, ಅದೇ ದಿನ ತಲುಪಿಸಬೇಕು. ಸಾವಿರಾರು ರೂಪಾಯಿಯ ಯಂತ್ರ ಕೊಳ್ಳುವ ಮುನ್ನ ಈ ಸಣ್ಣ ಖರ್ಚು ಮಾಡಿ.

ಸಂಪು, ಮೋಟರ್, ಡ್ರಮ್ಮು

ನೀರು ಕೂಡಿಡುವ ಅನಿವಾರ್ಯತೆ ಮನೆಗೆ ಬೇರೆ ಅಪಾಯಗಳನ್ನೂ ತಂದಿದೆ. ನೀರು ಬಂದ ಗಡಿಬಿಡಿಯಲ್ಲಿ ತೆರೆದಿಟ್ಟ ಸಂಪಿಗೆ ಆಡುವ ಮಗು ಬಿದ್ದ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತೇವೆ. ಸಂಪಿನ ಬಾಯಿ ನೆಲಮಟ್ಟಕ್ಕಿಂತ ಎತ್ತರವಿರಲಿ: ಅಂಗಳದ ಕೊಚ್ಚೆ ಒಳಗೆ ಹರಿಯದು. ಮುಚ್ಚಳಕ್ಕೆ ಬೀಗವಿರಲಿ: ಮಗುವಿನ ಕೈಗೆ ಅದು ತೆರೆಯದು.

ಆರು ತಿಂಗಳಿಗೊಮ್ಮೆಯಾದರೂ ಸಂಪು ತೊಳೆಯಬೇಕು. ಆದರೆ ಬಹುಕಾಲ ಮುಚ್ಚಿದ್ದ ಸಂಪಿನೊಳಗೆ ಆಮ್ಲಜನಕ ಕಡಿಮೆಯಿರಬಹುದು. ಇಳಿದವರು ಕೂಗಲೂ ಆಗದೆ ಕುಸಿಯುತ್ತಾರೆ. ಮುಚ್ಚಳವನ್ನು ಬಹಳ ಹೊತ್ತು ತೆರೆದಿಟ್ಟು ಗಾಳಿಯಾಡಿಸಿ, ಸಾಧ್ಯವಾದಷ್ಟೂ ಹೊರಗಿನಿಂದಲೇ ತೊಳೆಯಿರಿ. ಒಬ್ಬರೇ ಎಂದೂ ಇಳಿಯಬಾರದು. ಎಂಜಿನ್ ಪಂಪನ್ನು ಒಳಗಿಡಬಾರದು, ಅದರ ಹೊಗೆ ವಿಷ. ಒಳಗಿದ್ದವರು ಕುಸಿದರೆ ಹಿಂದೆಯೇ ಧುಮುಕದೆ 112ಕ್ಕೆ ಕರೆ ಮಾಡಿ. ಎತ್ತಲು ಹೋದವರೂ ಸತ್ತ ಉದಾಹರಣೆಗಳು ಎಷ್ಟೋ ಇವೆ.

ಮೋಟರಿಗೆ ಅರ್ಥಿಂಗ್ ಸರಿಯಿರಬೇಕು. ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಮನೆಯಲ್ಲಿರಬೇಕು. ನೀರು ಕಾಯಿಸುವ ಕಾಯಿಲ್ ಹಾಕಿದ ಬಕೆಟ್‌ನಲ್ಲಿ ಬಿಸಿ ನೋಡಲು ಕೈ ಅದ್ದುವುದಕ್ಕೆ ಮುಂಚೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತಿರಬೇಕು. ತುಂಬಿಟ್ಟ ನೀರಿನ ಇನ್ನೊಂದು ಅಪಾಯ ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹುಟ್ಟುವುದು ಮನೆಯ ಡ್ರಮ್ಮು, ತೊಟ್ಟಿಗಳ ನಿಂತ ನೀರಿನಲ್ಲೇ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳೆಂಟು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಅವನ್ನು ಬರಿದುಮಾಡಿ, ಒಳಗೋಡೆ ಉಜ್ಜಿ, ಒಣಗಿಸಬೇಕು.

ಬ್ಲೀಚಿಂಗ್ ಪುಡಿಯ ಲೆಕ್ಕ

ಸಂಪಿಗೆ ಬ್ಲೀಚಿಂಗ್ ಪುಡಿಯನ್ನು ಕಣ್ಣಳತೆಯಲ್ಲಿ ಹಾಕಬಾರದು. ಉದ್ದ, ಅಗಲ, ನೀರಿನ ಆಳವನ್ನು ಅಡಿಗಳಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಸುಮಾರು ಎಷ್ಟು ಲೀಟರ್ ಎಂದು ತಿಳಿಯುತ್ತದೆ. 6 ಅಡಿ ಉದ್ದ, 5 ಅಡಿ ಅಗಲ, 4 ಅಡಿ ನೀರಿದ್ದರೆ 3,360 ಲೀಟರ್. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪುಡಿ ಸಾಕು. ಈ ಸಂಪಿಗೆ 10 ಗ್ರಾಮಿಗೂ ಕಡಿಮೆ. ಬಕೆಟ್ ನೀರಿನಲ್ಲಿ ಕಲಕಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸಂಪಿಗೆ ಸುರಿದು ಒಂದು ಗಂಟೆ ಬಿಡಿ. ಪುಡಿಯನ್ನು ಗಾಳಿ, ಬಿಸಿಲು ತಾಗದಂತೆ ಮುಚ್ಚಿಡಿ, ಇಲ್ಲದಿದ್ದರೆ ಸತ್ವ ಕಳೆದುಕೊಳ್ಳುತ್ತದೆ. ಶೌಚಾಲಯ ತೊಳೆಯುವ ಆ್ಯಸಿಡ್ ಜೊತೆ ಅದನ್ನು ಎಂದೂ ಬೆರೆಸಬೇಡಿ. ಆಗ ಏಳುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ.

ಊರು ಕೇಳಬೇಕಾದ ಪ್ರಶ್ನೆ

ಇಷ್ಟೆಲ್ಲ ಮನೆಯವರು ಮಾಡಬೇಕು ನಿಜ. ಹಾಗೆಂದು ಪುರಸಭೆ, ಪಟ್ಟಣ ಪಂಚಾಯಿತಿಗಳ ಹೊಣೆ ಕಳೆಯುವುದಿಲ್ಲ. ಬಡವರ ಮನೆಯಲ್ಲಿ ಸಂಪೂ ಇಲ್ಲ, ಫಿಲ್ಟರೂ ಇಲ್ಲ. ಅವರ ಪಾಲಿಗೆ ನಲ್ಲಿಯಲ್ಲಿ ಬಂದದ್ದೇ ಕುಡಿಯುವ ನೀರು. ಪೈಪಿನ ತುದಿಯ ಕಡೆಯ ನಲ್ಲಿಯಲ್ಲಿ ಕೂಡ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಮಾನಕ. ಒಂದು ಸಣ್ಣ ಗಾಜಿನ ನಳಿಕೆ, ಒಂದೆರಡು ಹನಿ ದ್ರಾವಣವಿದ್ದರೆ ನಿಮಿಷದಲ್ಲಿ ಅದನ್ನು ಅಳೆಯಬಹುದು.

ರಸ್ತೆಗೆ, ಬೀದಿದೀಪಕ್ಕೆ ಅರ್ಜಿ ಹಿಡಿದು ಹೋಗುವ ನಾವು ವಾರ್ಡ್ ಸದಸ್ಯರನ್ನು ಇದನ್ನೂ ಕೇಳಬೇಕು: ನಮ್ಮ ಬೀದಿಯ ಕಡೆಯ ನಲ್ಲಿಯಲ್ಲಿ ಈ ವಾರ ಕ್ಲೋರಿನ್ ಎಷ್ಟಿತ್ತು? ಓವರ್‌ಹೆಡ್ ಟ್ಯಾಂಕ್ ತೊಳೆದದ್ದು ಯಾವತ್ತು? ಚರಂಡಿಯೊಳಗೆ ಹಾದುಹೋಗಿರುವ ಪೈಪನ್ನು ಎಂದು ಬದಲಿಸುತ್ತೀರಿ? ಪರೀಕ್ಷೆಯ ವರದಿಯನ್ನು ಕಚೇರಿಯ ಫಲಕದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿಸಿ ಎಂದು ಒತ್ತಾಯಿಸಬೇಕು. ಮಕರಬ್ಬಿಯಲ್ಲಿ, ಕವಾಡಿಗರಹಟ್ಟಿಯಲ್ಲಿ ತನಿಖೆ ನಡೆದದ್ದು ಸಾವಿನ ನಂತರ. ಅದೇ ಪ್ರಶ್ನೆಗಳನ್ನು ಎಲ್ಲರೂ ಆರೋಗ್ಯವಾಗಿರುವಾಗಲೇ ಕೇಳುವ ಊರು ತನ್ನ ಮಕ್ಕಳನ್ನು ಉಳಿಸಿಕೊಳ್ಳುತ್ತದೆ.