ಹುರಿ ಹಾಕಿದರೆ ಗಾಳದ ದಾರ ಗಟ್ಟಿಯಾಗುತ್ತದೆಯೆ?

ಗುಬ್ಬಿಯ ಓದುಗರೊಬ್ಬರ ಪ್ರಶ್ನೆ: ‘ಫ್ಲೈ ಫಿಶಿಂಗ್‌ನವರು ಗಾಳಕ್ಕೆ ಫರ್ಲ್ಡ್ ಲೀಡರ್ ಅಂತ ಹೊಸೆದ ದಾರ ಕಟ್ಟುತ್ತಾರಲ್ಲ, ಅದು ಹಗ್ಗದ ಹಾಗೆ ಗಟ್ಟಿ ಇರಲಿ ಅಂತಲೇ?’ ತೆಂಗಿನ ಸೀಮೆಯಲ್ಲಿ ಹುಟ್ಟಲೇಬೇಕಾದ ಪ್ರಶ್ನೆ. ಆದರೆ ಊಹೆ ತಪ್ಪು.

ತೆಂಗಿನ ನಾರಿನ ಒಂದೆಳೆ ಮೊಳದುದ್ದವೂ ಇರುವುದಿಲ್ಲ. ಅಂಥ ತುಂಡು ಎಳೆಗಳಿಂದಲೇ ಬಾವಿಯ ತಳ ಮುಟ್ಟುವ ಹಗ್ಗ ಆಗುತ್ತದೆ. ಅಂಟಿಲ್ಲ, ಗಂಟಿಲ್ಲ. ಹುರಿ ಬಿದ್ದ ಎಳೆಗಳು ಒಂದನ್ನೊಂದು ಅದುಮುತ್ತವೆ. ಹಗ್ಗವನ್ನು ಜಗ್ಗಿದಷ್ಟೂ ಅದುಮು ಹೆಚ್ಚಿ, ಘರ್ಷಣೆ ಎಳೆಗಳನ್ನು ಜಾರಗೊಡುವುದಿಲ್ಲ. ಇಲ್ಲಿ ಹುರಿಯೇ ಬಲ, ನಿಜ. ಲೀಡರ್‌ಗೆ ಬಳಸುವ ಪಾಲಿಯೆಸ್ಟರ್ ನೂಲಿನ ಎಳೆಗಳಾದರೋ ತುಂಡುತುಂಡಲ್ಲ, ಅಖಂಡ. ಅವಕ್ಕೆ ಈ ಹಿಡಿತದ ಹಂಗಿಲ್ಲ. ಹುರಿ ಅತಿಯಾದರೆ ಎಳೆಗಳು ಓರೆಯಾಗಿ ನಿಂತು ದಾರದ ಬಲ ತುಸು ಕುಗ್ಗುವುದೂ ಉಂಟು.

ಮತ್ತೆ ಹೊಸೆಯುವುದೇಕೆ? ಎಸೆತಕ್ಕಾಗಿ. ಮಾಮೂಲಿ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಫ್ಲೈ ಎಂಬ ಪುಕ್ಕದ ಹುಳುವಿಗೆ ತೂಕವೇ ಇಲ್ಲ. ದಪ್ಪ ದಾರದ ತೂಕವೇ ಅದನ್ನು ಹೊತ್ತೊಯ್ಯಬೇಕು. ಆ ದಾರಕ್ಕೂ ಫ್ಲೈಗೂ ನಡುವೆ ಕಟ್ಟುವ ಲೀಡರ್‌ನ ಬುಡದಲ್ಲಿ ಹೆಚ್ಚು ಎಳೆ, ತುದಿಗೆ ಹೋಗುತ್ತ ಕಡಿಮೆ. ಎಸೆತದ ಶಕ್ತಿ ಬರಬರುತ್ತ ಹಗುರಾಗುವ ದಾರಕ್ಕೆ ದಾಟುವುದರಿಂದ, ಗಾಳಿ ತಡೆದರೂ ವೇಗ ಸೋರಿಹೋಗದೆ ಇಡೀ ದಾರ ನೆಟ್ಟಗೆ ಬಿಚ್ಚಿಕೊಳ್ಳುತ್ತದೆ. ಎತ್ತಿನ ಚಾಟಿಯ ತುದಿ ಸಣ್ಣಗಿರುವುದೂ ಇದೇ ಲೆಕ್ಕದಲ್ಲಿ. ಹೊಸೆಯುವುದು ಹೀಗೆ: ಎರಡು ಕವಲುಗಳಿಗೆ ಒಂದೇ ದಿಕ್ಕಿನ ಹುರಿ ಹಾಕಿ, ಜೋಡಿಸಿ ಕೈಬಿಟ್ಟರೆ ಎರಡೂ ಬಿಚ್ಚಿಕೊಳ್ಳಲು ಹೋಗಿ ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಸುತ್ತಿಕೊಳ್ಳುತ್ತವೆ. ಆ ಜಗಳದಲ್ಲೇ ದಾರ ನಿಲ್ಲುತ್ತದೆ! ಮನೆಯ ಹಗ್ಗದ ತುದಿ ಬಿಡಿಸಿ ನೋಡಿ: ಹಗ್ಗದ ಸುತ್ತು ಒಂದು ಕಡೆ, ಒಳಗಿನ ಎಳೆಯ ಸುತ್ತು ಇನ್ನೊಂದು ಕಡೆ. ಇನ್ನೊಂದು ಲಾಭ, ಒಂಟಿ ನೈಲಾನ್ ದಾರ ಸುರುಳಿಯಲ್ಲಿದ್ದ ಬಳುಕನ್ನು ಸುಲಭಕ್ಕೆ ಬಿಡುವುದಿಲ್ಲ. ಸಣ್ಣ ಎಳೆಗಳ ಹುರಿಗೆ ಆ ಮೊಂಡುತನವಿಲ್ಲ.

ವಿದ್ಯೆ ಹೊಸದಲ್ಲ. 1653ರಲ್ಲಿ ಐಸಾಕ್ ವಾಲ್ಟನ್ ಮೀನು ಹಿಡಿಯುವ ಬಗ್ಗೆ ಪುಸ್ತಕ ಬರೆದಾಗ ಇಂಗ್ಲೆಂಡಿನ ಗಾಳಗಳಿಗೆ ಕುದುರೆ ಬಾಲದ ಕೂದಲಿನ ಹುರಿಯೇ ದಾರ. ಹೆಣ್ಣು ಕುದುರೆಯದು ಮೂತ್ರ ತಾಗಿ ಸತ್ವ ಕಳೆದುಕೊಳ್ಳುತ್ತದೆ, ಗಂಡಿನದೇ ಆಗಬೇಕು ಎಂಬುದು ಹಳಬರ ಕಟ್ಟಳೆ. ಟಿಪ್ಪುವಿನ ಕಾಲದ ಕುದುರೆ ಫಾರಂ ಇರುವ ಕುಣಿಗಲ್‌ನವರಿಗೆ ಇದು ಸ್ವಾರಸ್ಯದ ಸುದ್ದಿ ಎಂದುಕೊಂಡಿದ್ದೇನೆ.

ಕೊಳ್ಳುವುದಾದರೆ ಎಂಟೊಂಬತ್ತು ಅಡಿಯ ಕೋಲಿಗೆ ಆರಡಿಯ ಲೀಡರ್ ಸಾಕು. ಅದರ ತುದಿಗೆ ಮೂರು ನಾಲ್ಕು ಅಡಿ ಸಣ್ಣ ನೈಲಾನ್, ಅಂದರೆ ಟಿಪೆಟ್, ಕಟ್ಟಿ; ಅದು ಲೀಡರ್‌ಗಿಂತ ದುರ್ಬಲವಾಗಿಯೇ ಇರಲಿ, ಕಿತ್ತರೆ ಅದು ಕೀಳಲಿ. ಫ್ಲೈ ತೇಲಬೇಕಿದ್ದರೆ ನೂಲಿನ ಲೀಡರ್‌ಗೆ ಗ್ರೀಸ್ ಸವರಿ, ಇಲ್ಲವಾದರೆ ನೀರು ಕುಡಿದು ಮುಳುಗುತ್ತದೆ. ಗಾಳ ಸಿಕ್ಕಿಕೊಂಡಾಗ ಕೋಲಿನಿಂದ ಜಗ್ಗಬೇಡಿ. ಹುರಿ ಹಿಗ್ಗಿ, ಚಿಮ್ಮಿ ಬಂದು ಗೋಜಲಾಗುತ್ತದೆ. ಟಿಪೆಟ್ ಕೈಗೆ ಸಿಗುವಂತಿದ್ದರೆ ಅದನ್ನೇ ಹಿಡಿದು ಎಳೆಯಿರಿ.

ತಿಳಿನೀರಿನಲ್ಲಿ ಜಿಲೇಬಿ ಮೀನಿಗೆ ಇದು ಸೊಗಸು. ಜೊಂಡು, ಅಂತರಗಂಗೆ ತುಂಬಿದ ಕೆರೆಯಲ್ಲಿ ಕೊರವನ ಬೆನ್ನು ಹತ್ತಿದರೆ ಪಾಚಿ, ಮರಳು ಹುರಿಯೊಳಗೆ ಸೇರಿ ಕೆಡಿಸುತ್ತವೆ. ಅಲ್ಲಿಗೆ ದಪ್ಪ ನೈಲಾನ್ ತುಂಡೇ ವಾಸಿ. ಕೆರೆಗಳ ಮೀನು ಗುತ್ತಿಗೆಗೆ ಹೋಗಿರುತ್ತದೆ, ಎಸೆಯುವ ಮುಂಚೆ ಗುತ್ತಿಗೆದಾರರನ್ನು ಒಂದು ಮಾತು ಕೇಳಿ.